ಅಮ್ಮನ ಪಾವು ಮತ್ತು ಹದಿನಾರರ ಲೆಕ್ಕ

ಹೊರದೇಶದಲ್ಲಿರುವ ನಮ್ಮ ನಿಮ್ಮೆಲ್ಲರ ಮನೆಗಳಲ್ಲೂ ಆಗಾಗ ನಡೆಯುವ ಫೋನ್ ಮಾತುಕತೆಯೊಂದಿದೆ.

"ಅಮ್ಮಾ, ಬಿಸಿಬೇಳೆಭಾತಿಗೆ ಅಕ್ಕಿ ಎಷ್ಟು?"

"ಒಂದು ಪಾವು ಹಾಕು."

"ಪಾವು ಅಂದ್ರೆ ಎಷ್ಟು ಗ್ರಾಂ?"

"ಅದೆಲ್ಲ ನಂಗೊತ್ತಿಲ್ಲಪ್ಪ. ಪಾವು ಅಂದ್ರೆ ಪಾವು!"

ಅಲ್ಲಿಗೆ ವಿಚಾರಣೆ ಮುಕ್ತಾಯ. ಈ ಉತ್ತರ ಕೇಳಿದಾಗ ನಗು ಬರುವುದು ಸಹಜ. ಆದರೆ ಸ್ವಲ್ಪ ಯೋಚಿಸಿ ನೋಡಿದರೆ ಅಮ್ಮ ಹೇಳಿದ್ದು ಹದಿನಾರಾಣೆ ಸರಿ. (ಈ "ಹದಿನಾರಾಣೆ"ಗೆ ಆಮೇಲೆ ಬರುತ್ತೇನೆ.) ಪಾವು ಅಂದರೆ ಅಕ್ಕಿ ಡಬ್ಬದೊಳಗೆ ಕೂತಿರುವ ಆ ಪಾತ್ರೆ, ಅಷ್ಟೇ. ಅಮ್ಮನ ಅಡುಗೆಯ ಲೆಕ್ಕವೆಲ್ಲ ಆ ಪಾತ್ರೆಯೊಳಗೆ ಇದೆ. ಅದನ್ನು ಬಿಟ್ಟು ಅವಳ ಅಡುಗೆ ಪುಸ್ತಕವನ್ನು ಮಾತ್ರ ಸೂಟ್‌ಕೇಸಿನಲ್ಲಿ ತಂದರೆ, ಬೀಗವನ್ನು ತಂದು ಬೀಗದ ಕೈ ಊರಲ್ಲೇ ಮರೆತ ಹಾಗೆ.

ಎಂಬತ್ತರ ದಶಕದಲ್ಲಿ ನಾವು ಶಾಲೆಯಲ್ಲಿ ಲೀಟರು, ಕಿಲೋಗ್ರಾಂ ಬಾಯಿಪಾಠ ಮಾಡುತ್ತಿದ್ದೆವು. ಮನೆಗೆ ಬಂದರೆ ಅಜ್ಜಿಯ ಅಡುಗೆಮನೆಯಲ್ಲಿ ಬೇರೆಯದೇ ಸಾಮ್ರಾಜ್ಯ. ಹಿತ್ತಾಳೆಯ ಸೇರು, ಅದರೊಳಗೆ ಅಚ್ಚೇರು, ಅದರೊಳಗೆ ಪಾವು, ಅದರೊಳಗೆ ಅರೆಪಾವು, ಎಲ್ಲಕ್ಕಿಂತ ಒಳಗೆ ಮುದ್ದಾದ ಚಟಾಕು. ಒಂದರ ಹೊಟ್ಟೆಯಲ್ಲಿ ಇನ್ನೊಂದು! ಮಳೆ ಬಂದು ಹೊರಗೆ ಆಡಲು ಬಿಡದ ದಿನ ನಮಗೆ ಅವೇ ಆಟದ ಸಾಮಾನು. ನೆಂಟರು ಬಂದರೆ ಅಜ್ಜಿ "ಇನ್ನೊಂದು ಅರೆಪಾವು ಸೇರಿಸು" ಎನ್ನುತ್ತಿದ್ದಳು. ಅಷ್ಟರಲ್ಲೇ ಎಷ್ಟು ಜನ ಊಟಕ್ಕೆ ನಿಲ್ಲುತ್ತಾರೆ ಎಂಬುದು ಮನೆಯವರಿಗೆಲ್ಲ ತಿಳಿದುಹೋಗುತ್ತಿತ್ತು.

ಆ ಪಾತ್ರೆಗಳ ಲೆಕ್ಕ ಹೀಗಿದೆ. ಎರಡು ಚಟಾಕಿಗೆ ಒಂದು ಅರೆಪಾವು, ಎರಡು ಅರೆಪಾವಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು (ಅಂದರೆ ಅರ್ಧ ಸೇರು), ಎರಡು ಅಚ್ಚೇರಿಗೆ ಒಂದು ಸೇರು. ಚಟಾಕಿನ ಲೆಕ್ಕದಲ್ಲಿ ಹೇಳುವುದಾದರೆ 1, 2, 4, 8, 16. ನನ್ನಂತೆ ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವವರಿಗೆ ಈ ಅಂಕಿಗಳು ಎಲ್ಲೋ ನೋಡಿದಂತೆ ಅನಿಸಬೇಕಲ್ಲ? ಹೌದು, ಇದು ಬೈನರಿ! ಈ ಐದು ಪಾತ್ರೆಗಳಲ್ಲಿ ಪ್ರತಿಯೊಂದನ್ನೂ ಹೆಚ್ಚೆಂದರೆ ಒಂದೊಂದು ಸಲ ಬಳಸಿ 1 ಚಟಾಕಿನಿಂದ 31 ಚಟಾಕಿನವರೆಗೆ ಯಾವ ಅಳತೆಯನ್ನು ಬೇಕಾದರೂ ಅಳೆಯಬಹುದು. ಹದಿಮೂರು ಚಟಾಕು ಬೇಕೇ? ಒಂದು ಅಚ್ಚೇರು, ಒಂದು ಪಾವು, ಒಂದು ಚಟಾಕು. 8+4+1. ನಮ್ಮ ಭಾಷೆಯಲ್ಲಿ 1101. ಮೆಟ್ರಿಕ್ ತೂಕದ ಕಲ್ಲುಗಳಲ್ಲಿ ಇದು ನಡೆಯುವುದಿಲ್ಲ. 1, 2, 5 ಮಾತ್ರ ಇದ್ದರೆ ನಾಲ್ಕು ತೂಗಲು ಎರಡರ ಕಲ್ಲು ಇನ್ನೊಂದು ಬೇಕು.

ಅಜ್ಜಿಗೆ ಬೈನರಿ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವುದು ನನ್ನ ಉದ್ದೇಶವಲ್ಲ. ಇಂಥ ಲೆಕ್ಕ ಏಕೆ ಹುಟ್ಟಿತು ಎಂಬುದು ಮುಖ್ಯ. ಒಂದು ರಾಶಿ ಅಕ್ಕಿಯನ್ನು ಹತ್ತು ಸಮಪಾಲು ಮಾಡಲು ಯಾರಿಗಾದರೂ ಹೇಳಿ ನೋಡಿ, ತಿಣುಕಾಡುತ್ತಾರೆ. ಎರಡು ಪಾಲು ಮಾಡುವುದು ಸುಲಭ. ತಕ್ಕಡಿಯ ಎರಡು ತಟ್ಟೆಗೂ ಹಾಕುತ್ತಾ ಹೋಗಿ ಮುಳ್ಳು ನಡುವೆ ನಿಂತರೆ ಆಯಿತು, ಯಾವ ತೂಕದ ಕಲ್ಲೂ ಬೇಡ. ಅರ್ಧದ ಅರ್ಧ, ಅದರ ಅರ್ಧ, ಮತ್ತೂ ಅದರ ಅರ್ಧ: ನಾಲ್ಕು ಸಲ ಹೀಗೆ ಮಾಡಿದರೆ ಹದಿನಾರು ಪಾಲು. ಬೆರಳೆಣಿಸುವವರಿಗೆ ಹತ್ತು ಹೇಗೋ, ಹಂಚಿ ತಿನ್ನುವವರಿಗೆ ಹದಿನಾರು ಹಾಗೆ.

ಈ ಹದಿನಾರು ಅಡುಗೆಮನೆಯಲ್ಲಷ್ಟೇ ಇರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಒಂದು ರೂಪಾಯಿಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಬೇಕಾದರೆ ತಲಾ 5 ಆಣೆ 4 ಪೈ, ಜಗಳವಿಲ್ಲದೆ ಮುಗಿಯಿತು. ಇಂದಿನ ನೂರು ಪೈಸೆಯಲ್ಲಿ 33ರಂತೆ ಹಂಚಿದ ಮೇಲೆ ಒಂದು ಪೈಸೆ ಯಾರಿಗೂ ಸೇರದೆ ಉಳಿಯುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ಇದೇ ತೊಡಕಾಯಿತು. ಒಂದು ಆಣೆಗೆ ಸರಿಯಾಗಿ ಆರೂಕಾಲು ನಯಾಪೈಸೆ, ಆದರೆ ಕಾಲು ಪೈಸೆಯ ನಾಣ್ಯವೇ ಇಲ್ಲ! ಹಾಗಾಗಿ ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಮಾಡಿ, ನಾಲ್ಕಾಣೆಗೆ 25 ಬಂದಾಗ ಲೆಕ್ಕ ಸರಿಹೋಯಿತು. ನಾನು ಹುಟ್ಟುವ ಹೊತ್ತಿಗೆ ಆಣೆ ಹೋಗಿ ಎರಡು ದಶಕಗಳೇ ಕಳೆದಿದ್ದವು. ಆದರೂ ನಮ್ಮ ಬಾಯಲ್ಲಿ 25 ಪೈಸೆ "ನಾಲ್ಕಾಣೆ"ಯೇ, 50 ಪೈಸೆ "ಎಂಟಾಣೆ"ಯೇ. ಕೊನೆಗೆ 2011ರ ಜೂನ್ 30ರಂದು ನಾಲ್ಕಾಣೆಯ ಚಲಾವಣೆಯೂ ನಿಂತಿತು. ಪೂರ್ತಿ ನಿಜ ಎನ್ನಲು ನಾವು ಇನ್ನೂ "ಹದಿನಾರಾಣೆ ಸತ್ಯ" ಎನ್ನುತ್ತೇವೆ. "ನೂರು ಪೈಸೆ ಸತ್ಯ" ಎಂದವರನ್ನು ನಾನಂತೂ ಕೇಳಿಲ್ಲ.

ಊರಲ್ಲಿ ನಿಮಗೆ ಪಿತ್ರಾರ್ಜಿತ ಜಮೀನು ಇದ್ದರೆ ಪಹಣಿಯನ್ನು ಒಮ್ಮೆ ತೆಗೆದು ನೋಡಿ. ಎಕರೆಗೆ 40 ಗುಂಟೆ, ಗುಂಟೆಗೆ ಮತ್ತೆ 16 ಆಣೆ! ದುಡ್ಡಿನಿಂದ ಓಡಿಸಿದ ಆಣೆ ಹೊಲದಲ್ಲಿ ಅಡಗಿ ಕೂತಿದೆ. ಅದಕ್ಕೂ ಹಿಂದೆ ಭೂಮಿಯನ್ನು ಬಿತ್ತನೆಯ ಬೀಜದಿಂದಲೇ ಅಳೆಯುತ್ತಿದ್ದರು. ಒಂದು ಖಂಡುಗದ ಗದ್ದೆ ಎಂದರೆ ಒಂದು ಖಂಡುಗ, ಅಂದರೆ 20 ಕೊಳಗ, ಬಿತ್ತನೆ ಹಿಡಿಯುವ ಗದ್ದೆ. ರಾಶಿ ಅಳೆಯುವಾಗ ಮೊದಲ ಅಳತೆಗೆ "ಒಂದು" ಎನ್ನದೆ "ಲಾಭ" ಎಂದು, ಆಮೇಲೆ "ಎರಡು, ಮೂರು" ಎಂದು ಎಣಿಸುತ್ತಿದ್ದರು. ಎಣಿಕೆಯಲ್ಲೂ ಒಂದು ಹಾರೈಕೆ.

ಉದ್ದದ ಅಳತೆಗೆ ದೇಹವೇ ಸಾಧನ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಇದರ ತಮಾಷೆ ಹೂವಿನಂಗಡಿಯಲ್ಲಿ ಗೊತ್ತಾಗುತ್ತದೆ. ಮಲ್ಲಿಗೆ ಕೊಳ್ಳುವಾಗ ಉದ್ದ ಕೈಯ ಹೂವಾಡಗಿತ್ತಿಯನ್ನು ಹುಡುಕುವುದು ನಮ್ಮ ಅಮ್ಮಂದಿರಿಗೆ ಗೊತ್ತಿದ್ದ ಸರಳ ಅರ್ಥಶಾಸ್ತ್ರ.

ಇಷ್ಟೆಲ್ಲ ಭಿನ್ನರಾಶಿಗಳನ್ನು ನಿಭಾಯಿಸಬೇಕಾದರೆ ಭಾಷೆಯೂ ಸಿದ್ಧವಾಗಿರಬೇಕಲ್ಲ? ಕನ್ನಡ ಸಿದ್ಧವಾಗಿತ್ತು. ಕಾಲು, ಅರೆ, ಮುಕ್ಕಾಲು (ಮೂರು ಕಾಲು) ನಮಗೆಲ್ಲ ಗೊತ್ತು. ಎಂಟನೆಯ ಒಂದು ಭಾಗ "ಅರೆಕಾಲು", ಹದಿನಾರನೆಯದು "ವೀಸ", ಅರವತ್ತನಾಲ್ಕನೆಯದು "ಕಾಣಿ". ಹಳೆಯ ಕೂಲಿಮಠಗಳಲ್ಲಿ ಹುಡುಗರು ಎರಡರ ಮಗ್ಗಿ, ಮೂರರ ಮಗ್ಗಿಯ ಜೊತೆಗೆ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಯನ್ನೂ ಒಪ್ಪಿಸಬೇಕಿತ್ತು. ಉತ್ತರ ಕರ್ನಾಟಕದ ಗೆಳೆಯರನ್ನು ಕೇಳಿದರೆ ಸವಾ ಎಂದರೆ ಒಂದೂಕಾಲು, ದೀಡ ಎಂದರೆ ಒಂದೂವರೆ ಎಂದು ಥಟ್ಟನೆ ಹೇಳುತ್ತಾರೆ. "ಸೇರಿಗೆ ಸವ್ವಾಸೇರು" ಎಂಬ ಮಾತಿನ ಅರ್ಥ ಇಷ್ಟೇ: ನೀನು ಒಂದು ಸೇರಾದರೆ ನಾನು ಒಂದೂಕಾಲು. ಪಂಡಿತನಿಗಿಂತ ಅರ್ಧ ಹೆಚ್ಚು ಬಲ್ಲೆ ಎಂದು ಮೆರೆಯುವವನು "ದೀಡ ಪಂಡಿತ".

ಬರವಣಿಗೆಯಲ್ಲೂ ಇದಕ್ಕೆ ಗುರುತುಗಳಿದ್ದವು. ಅಂಕಿಯ ಮುಂದೆ ಒಂದು ನೆಟ್ಟಗಿನ ಗೆರೆ ಎಳೆದರೆ ಕಾಲು, ಎರಡು ಗೆರೆಗೆ ಅರ್ಧ, ಮೂರಕ್ಕೆ ಮುಕ್ಕಾಲು. "೨॥ ಪಾವು" ಎಂದರೆ ಎರಡೂವರೆ ಪಾವು. ಈ ಗುರುತುಗಳಿಗೆ 2009ರಲ್ಲಿ ಯೂನಿಕೋಡಿನಲ್ಲೂ ಜಾಗ ಸಿಕ್ಕಿತು. ಆದರೆ ಓದುವವರು ಬೇಕಲ್ಲ! ಅಮ್ಮನ ಅಡುಗೆ ಪುಸ್ತಕದಲ್ಲಿ ಇದನ್ನು ಕಂಡ ನನ್ನ ಮಗಳು (ಇಲ್ಲಿಯ ಕನ್ನಡ ಶಾಲೆಯಲ್ಲಿ ಶ್ಲೋಕ ಕಲಿತವಳು) "ಎರಡನೇ ಶ್ಲೋಕ ಮುಗಿಯಿತಾ?" ಎಂದು ಕೇಳಿದಳು.

ಈಗ ನಾವಿರುವ ಅಮೆರಿಕಕ್ಕೆ ಬರೋಣ. ಇಲ್ಲಿ ಪೌಂಡಿಗೆ 16 ಔನ್ಸ್. ಒಂದು ಕಪ್ಪಿಗೆ 16 ಟೇಬಲ್ ಸ್ಪೂನ್. ಎರಡು ಕಪ್ಪಿಗೆ ಪೈಂಟ್, ಎರಡು ಪೈಂಟಿಗೆ ಕ್ವಾರ್ಟ್, ನಾಲ್ಕು ಕ್ವಾರ್ಟಿಗೆ ಗ್ಯಾಲನ್. ಅಜ್ಜಿಯನ್ನು ಇಲ್ಲಿಯ ಅಡುಗೆಮನೆಗೆ ಕರೆತಂದಿದ್ದರೆ ಹೆಸರು ಕಲಿಯಲು ಅರ್ಧ ದಿನ ಹಿಡಿಯುತ್ತಿತ್ತೋ ಏನೋ, ಲೆಕ್ಕ ಕಲಿಯಲು ಅರ್ಧ ನಿಮಿಷವೂ ಬೇಕಿರಲಿಲ್ಲ! ನ್ಯೂಯಾರ್ಕಿನ ಷೇರುಪೇಟೆಯಲ್ಲೂ 2001ರವರೆಗೆ ಬೆಲೆಯನ್ನು ಡಾಲರಿನ ಹದಿನಾರನೆಯ ಭಾಗಗಳಲ್ಲೇ ಕೂಗುತ್ತಿದ್ದರು. ಅದೂ ವೀಸದ ಲೆಕ್ಕವೇ ತಾನೆ? ಇನ್ನು ನಮ್ಮ ಮನೆಗಳ ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಲೋಟವನ್ನು ಗಮನಿಸಿದ್ದೀರಾ? ಅದು ಅಮೆರಿಕದ ಕಪ್ಪೂ ಅಲ್ಲ, ಕಾಲು ಲೀಟರೂ ಅಲ್ಲ. ಅದು 180 ಮಿಲಿಲೀಟರಿನ "ಗೋ", ಅಂದರೆ ಜಪಾನಿನ ಸಾಂಪ್ರದಾಯಿಕ ಅಕ್ಕಿಯ ಅಳತೆ. ಜಪಾನೂ ಮೆಟ್ರಿಕ್ ಪದ್ಧತಿಗೆ ಬಂದ ದೇಶವೇ. ಆದರೂ ಅವರ ಅಜ್ಜಿಯ ಪಾವು ಕುಕ್ಕರಿನ ಡಬ್ಬದೊಳಗೆ ಕೂತು ಲೋಕವೆಲ್ಲ ಸುತ್ತುತ್ತಿದೆ. ನಮ್ಮ ಪಾವು ಊರಿನ ಅಟ್ಟದ ಮೇಲಿದೆ.

ಸರಿ, ಅಮ್ಮನ ಪಾವಿಗೆ ಗ್ರಾಂ ಎಷ್ಟು? ಮೊದಲನೆಯ ತೊಡಕು: ಪಾವು ಪಾತ್ರೆಯ ಅಳತೆ, ತೂಕವಲ್ಲ. ಅದೇ ಪಾವಿನಲ್ಲಿ ಅಕ್ಕಿ ತುಂಬಿದರೆ ಒಂದು ತೂಕ, ಹಿಟ್ಟು ತುಂಬಿದರೆ ಅದಕ್ಕಿಂತ ಬಹಳ ಕಡಿಮೆ ತೂಕ. "ಪಾವ್ ಕಿಲೋ" ಎಂಬ ಮಾತು ಕೇಳಿ ಪಾವು ಎಂದರೆ 250 ಗ್ರಾಂ ಎಂದುಕೊಂಡರೆ ಅಡುಗೆ ಕೆಡುವುದು ಖಂಡಿತ. ಎರಡನೆಯ ತೊಡಕು: ಊರಿಂದೂರಿಗೆ ಅಳತೆ ಬೇರೆ. 1956ರ ಕಾಯ್ದೆಯ ನಂತರ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬರುವ ಮುಂಚೆ ಕಚ್ಚಾ ಸೇರು ಒಂದು, ಪಕ್ಕಾ ಸೇರು ಒಂದು. ಕರಾವಳಿಯವರಿಗೆ ಕುಡ್ತೆ, ಸಿದ್ದೆ ಎಂಬ ಬೇರೆಯೇ ಸಂಸಾರ. ಆಮೇಲೆ ಅಂಗಡಿಯಲ್ಲಿ ಕೊಂಡ ಸ್ಟೀಲಿನ ಪಾವುಗಳಲ್ಲೂ ಒಂದರಂತೆ ಇನ್ನೊಂದಿಲ್ಲ.

ಹಾಗಿದ್ದೂ ಅಡುಗೆ ಕೆಡುತ್ತಿರಲಿಲ್ಲ, ಏಕೆ? ಅಮ್ಮನ ಅಡುಗೆ ನಿಂತಿರುವುದು ಪ್ರಮಾಣದ ಮೇಲೆ. ದೋಸೆಗೆ ಒಂದು ಪಾವು ಉದ್ದಿನಬೇಳೆಗೆ ಮೂರು ಪಾವು ಅಕ್ಕಿ, ಅನ್ನಕ್ಕೆ ಒಂದು ಪಾವಿಗೆ ಎರಡು ಪಾವು ನೀರು. ಪಾವು ದೊಡ್ಡದಿರಲಿ, ಚಿಕ್ಕದಿರಲಿ, ಎಲ್ಲವನ್ನೂ ಅದರಲ್ಲೇ ಅಳೆದರೆ ಸಾಕು. ಅಕ್ಕಿಯನ್ನು ಗ್ರಾಮಿನಲ್ಲಿ ತೂಗಿ, ನೀರನ್ನು ಕಪ್ಪಿನಲ್ಲಿ ಅಳೆಯುವವರಿಗೇ ಕಷ್ಟ. ಇಂಥ ಅಡುಗೆಗಳಿಗೆ ಇಲ್ಲಿಯ ಯಾವ ಲೋಟವಾದರೂ ಆದೀತು.

ಆದರೆ ಸಾರಿನಪುಡಿ, ಹುಳಿಪುಡಿ, ಉಪ್ಪಿನಕಾಯಿಗಳ ಪುಟಕ್ಕೆ ಬನ್ನಿ. ಕೊತ್ತಂಬರಿ ಬೀಜ ಒಂದು ಪಾವು, ಮೆಣಸು ಒಂದು ಚಟಾಕು, ಜೀರಿಗೆ ಎರಡು ರೂಪಾಯಿ ತೂಕ, ಮೆಂತ್ಯ ಎರಡು ಚಮಚ. ಇಲ್ಲಿ ಪಾತ್ರೆಯ ಅಳತೆ, ತೂಕದ ಅಳತೆ, ಕೈಯಳತೆ ಮೂರೂ ಬೆರೆತಿವೆ. ರೂಪಾಯಿ ತೂಕ ಎಂದರೆ ಹಳೆಯ ಬೆಳ್ಳಿ ರೂಪಾಯಿಯ ತೂಕ, ಅಂದರೆ ಒಂದು ತೊಲ, 11.66 ಗ್ರಾಂ. ಅದು ಎಲ್ಲಿ ಕೂತರೂ ಸಿಗುತ್ತದೆ. ಚಮಚವೂ ಸಿಗುತ್ತದೆ. ಸಿಗದಿರುವುದು ಆ ಪಾವು ಒಂದೇ. ಅದು ಗೊತ್ತಾಗದಿದ್ದರೆ ಅಮ್ಮನ ಸಾರಿನ ರುಚಿ ಆ ಪುಟದಿಂದ ಹೊರಗೆ ಬರುವುದಿಲ್ಲ. ("ಎಂಟಾಣೆಯ ಕೊತ್ತಂಬರಿ ಸೊಪ್ಪು" ಎಂದೂ ಒಂದು ಕಡೆ ಬರೆದಿದ್ದಾಳೆ. ಅದಕ್ಕೆ ಮಾತ್ರ ಯಾವ ಪರಿಹಾರವೂ ನನಗೆ ಹೊಳೆದಿಲ್ಲ!)

ಅದಕ್ಕೇ ಒಂದು ಸಣ್ಣ ಕೆಲಸ ಸೂಚಿಸುತ್ತೇನೆ. ಮುಂದಿನ ಸಲ ಊರಿಗೆ ಹೋದಾಗ ಅಡುಗೆಮನೆಯ ಪುಟ್ಟ ತಕ್ಕಡಿಯೊಂದನ್ನು ಜೊತೆಗೊಯ್ಯಿರಿ. ಪಾವನ್ನು ಖಾಲಿ ತೂಗಿ, ನೀರು ತುಂಬಿ ಮತ್ತೆ ತೂಗಿ. ಒಂದು ಗ್ರಾಂ ನೀರಿಗೆ ಒಂದು ಮಿಲಿಲೀಟರ್, ಅಷ್ಟೇ ಲೆಕ್ಕ. ಆಮೇಲೆ ಅಮ್ಮನ ಕೈಯಲ್ಲೇ ಅಕ್ಕಿ ಅಳೆಸಿ. ಅವಳು ತಲೆ ಸವರಿ ಅಳೆಯುತ್ತಾಳೋ, ಗೋಪುರ ಕಟ್ಟಿ ಅಳೆಯುತ್ತಾಳೋ ನೋಡಿಕೊಳ್ಳಿ, ಏಕೆಂದರೆ ಆ ಗೋಪುರವೂ ಲೆಕ್ಕಕ್ಕೆ ಸೇರಿದ್ದು. ಬಂದ ಅಂಕಿಯನ್ನು ಅಡುಗೆ ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ನೋಡಿ ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು. ಪಾತ್ರೆ ಅಟ್ಟದ ಮೇಲೆ ಎಷ್ಟು ವರ್ಷ ಬೇಕಾದರೂ ಕಾಯುತ್ತದೆ, ಗೋಪುರ ಕಟ್ಟುವ ಕೈ ಕಾಯುವುದಿಲ್ಲ.

ನಮ್ಮ ಮನೆಯ ಪಾವಿಗೆ ಹಿಡಿದ ನೀರು 245 ಮಿಲಿಲೀಟರ್. ಅಮ್ಮ ಅಕ್ಕಿಗೆ ತಲೆ ಸವರುತ್ತಾಳೆ, ಬೇಳೆಗೆ ಗೋಪುರ ಕಟ್ಟುತ್ತಾಳೆ. ನಿಮ್ಮ ಮನೆಯದು ಎಷ್ಟು ಬಂತು, ಬರೆದು ತಿಳಿಸುತ್ತೀರಲ್ಲ?