ವಿದ್ಯುತ್ ದರದ ಲೆಕ್ಕ ಮತ್ತು ಗ್ರಾಹಕನ ರಕ್ಷಣೆ

ಒಂದು ಊರಿಗೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಜಾಲ ಒಂದೇ ಸಾಕು. ಆದ್ದರಿಂದ ವಿದ್ಯುತ್ ವಿತರಣೆ ಬಹುಮಟ್ಟಿಗೆ ಏಕಸ್ವಾಮ್ಯದ ವ್ಯವಹಾರ. ದರ ಹೆಚ್ಚಾಯಿತೆಂದು ಗ್ರಾಹಕ ಪಕ್ಕದ ಅಂಗಡಿಗೆ ಹೋಗುವಂತಿಲ್ಲ. ಹಾಗಾಗಿ ಇದ್ದ ಒಂದೇ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಲು ಹೊರಗಿನವರೊಬ್ಬರು ಬೇಕು.

ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯ (ಕೆಇಬಿ) ಕಾಲದಲ್ಲಿ ಅಂಥವರು ಇರಲಿಲ್ಲ. ವಿದ್ಯುತ್ ಹಂಚುತ್ತಿದ್ದ ಮಂಡಳಿಯೇ ಸರ್ಕಾರದ ಒಪ್ಪಿಗೆ ಪಡೆದು ದರವನ್ನೂ ಗೊತ್ತುಮಾಡುತ್ತಿತ್ತು. 1999ರ ಸುಧಾರಣಾ ಕಾಯ್ದೆಯ ನಂತರ ಮಂಡಳಿಯ ಜಾಗಕ್ಕೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ (ಕೆಪಿಟಿಸಿಎಲ್) ಬಂತು. ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ ಸ್ಥಾಪನೆಯಾಯಿತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ವಿತರಣಾ ಕಂಪನಿಗಳು ಹುಟ್ಟಿದವು. ಮೈಸೂರು ಭಾಗದ ಚಾಮುಂಡೇಶ್ವರಿ ಕಂಪನಿ ಬಂದದ್ದು ಆಮೇಲೆ. ಕಂಪನಿಗಳ ಒಡೆತನ ಮಾತ್ರ ಸರ್ಕಾರದ್ದೇ.

ದರ ಪರಿಷ್ಕರಣೆಗೆ 2003ರ ಕೇಂದ್ರ ವಿದ್ಯುಚ್ಛಕ್ತಿ ಕಾಯ್ದೆಯ ವಿಧಾನವಿದೆ. ಕಂಪನಿ ಅರ್ಜಿ ಹಾಕಿ ಅದನ್ನು ಪ್ರಕಟಿಸಬೇಕು. ಸಾರ್ವಜನಿಕರ ಆಕ್ಷೇಪಣೆ ಪರಿಶೀಲಿಸಿ ಆಯೋಗ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಅನವಶ್ಯಕವೆನಿಸಿದ ಖರ್ಚನ್ನು ಆಯೋಗ ಒಪ್ಪದೆ ಬಿಡಬಹುದು. ವಿಚಾರಣೆಗೆ ಉದ್ಯಮ ಸಂಘಟನೆಗಳು ಲೆಕ್ಕಪರಿಶೋಧಕರನ್ನು ಕರೆದುಕೊಂಡು ಬರುತ್ತವೆ. ಮನೆಬಳಕೆದಾರನಿಗೆ ಆ ಅನುಕೂಲವಿಲ್ಲ. ಗ್ರಾಹಕರ ಪರ ವಾದಿಸಲು ಆಯೋಗವೇ ಒಬ್ಬರನ್ನು ನೇಮಿಸಲು 94ನೇ ಕಲಮು ಅವಕಾಶ ಕೊಡುತ್ತದೆ. ಅದನ್ನು ಪ್ರತಿ ದರ ವಿಚಾರಣೆಯ ಕಡ್ಡಾಯ ಭಾಗವಾಗಿಸುವುದು ತೀರಾ ಅಗ್ಗದ ಸುಧಾರಣೆ.

ನಿಜವಾದ ತೊಡಕಿರುವುದು ಮೀಟರಿನಲ್ಲಿ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. 10 ಅಶ್ವಶಕ್ತಿವರೆಗಿನವಕ್ಕೆ ವಿದ್ಯುತ್ ಉಚಿತ. ಮೀಟರ್ ಇಲ್ಲದೆ ವಿದ್ಯುತ್ ಕೊಡಕೂಡದೆಂದು 55ನೇ ಕಲಮು ಹೇಳಿದರೂ ಬಹುಪಾಲು ಪಂಪ್‌ಸೆಟ್‌ಗಳ ಬಳಕೆ ಇಂದಿಗೂ ಅಂದಾಜಿನ ಲೆಕ್ಕ. ಅಂದಾಜು ಹಿಗ್ಗಿದಷ್ಟೂ ಸೋರಿಕೆಯೂ ಕಳ್ಳತನವೂ ರೈತನ ಹೆಸರಿನಲ್ಲಿ ಅಡಗುತ್ತವೆ, ಕಂಪನಿಯ ನಷ್ಟ ಕಾಗದದ ಮೇಲೆ ಇಳಿಯುತ್ತದೆ. ಆಯೋಗ ಎಷ್ಟೇ ಸ್ವತಂತ್ರವಾಗಿದ್ದರೂ ಅಳೆಯದ ಯೂನಿಟ್ಟನ್ನು ತನಿಖೆ ಮಾಡಲಾರದು. ಪಂಪ್‌ಸೆಟ್ ಫೀಡರುಗಳನ್ನು ಬೇರ್ಪಡಿಸಿದ್ದರಿಂದ ಒಟ್ಟು ಬಳಕೆಯಾದರೂ ಸಿಗುವಂತಾಗಿದೆ. ಟ್ರಾನ್ಸ್‌ಫಾರ್ಮರ್ ಮಟ್ಟದ ಲೆಕ್ಕಪರಿಶೋಧನೆ ಮುಂದಿನ ಹೆಜ್ಜೆ. ರೈತರಿಗೆ ಬಿಲ್ ಕೊಡದೆಯೂ ಇದನ್ನು ಮಾಡಬಹುದು ಎಂಬುದು ಈ ಚರ್ಚೆಯಲ್ಲಿ ಬಹಳ ಸಲ ಮರೆತುಹೋಗುತ್ತದೆ.

ಉಚಿತ ವಿದ್ಯುತ್ತಿನ ಹಣವನ್ನು ಸರ್ಕಾರ ಮುಂಗಡವಾಗಿ ಕಂಪನಿಗೆ ಕಟ್ಟಬೇಕೆಂಬುದು 65ನೇ ಕಲಮು. ಪಂಪ್‌ಸೆಟ್ಟಿಗೂ ಮನೆಗಳಿಗೆ ಉಚಿತ ವಿದ್ಯುತ್ ಕೊಡಲು 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಗೂ ಈ ನಿಯಮ ಒಂದೇ. ಸಹಾಯಧನ ತಡವಾದರೆ ಕಂಪನಿ ಸಾಲ ಮಾಡುತ್ತದೆ. ಆ ಸಾಲದ ಬಡ್ಡಿಯ ಹೊರೆ ತಮ್ಮ ಮೇಲೆ ಬಿದ್ದಿದೆಯೇ ಎಂದು ಗ್ರಾಹಕರು ದರ ಆದೇಶದಲ್ಲಿ ಹುಡುಕಬೇಕು. ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಬಿದ್ದಾಗ ಎದ್ದ ತಕರಾರೂ ಇಂಥದ್ದೇ: ಇದು ಯಾರ ಹೊಣೆ, ಸರ್ಕಾರದ್ದೋ ಗ್ರಾಹಕನದೋ?

ದೂರುಗಳ ವಿಚಾರಕ್ಕೆ ಪ್ರತಿ ಕಂಪನಿಯೂ ಕುಂದುಕೊರತೆ ವೇದಿಕೆ ನಡೆಸಬೇಕು. 2020ರ ಗ್ರಾಹಕ ಹಕ್ಕುಗಳ ನಿಯಮಗಳಲ್ಲೂ ಅದರ ಮುಖ್ಯಸ್ಥ ಕಂಪನಿಯ ಅಧಿಕಾರಿಯೇ, ಗ್ರಾಹಕ ಪ್ರತಿನಿಧಿಗಳು ಸದಸ್ಯರು. ಆರೋಪಿಯ ಮನೆಯಲ್ಲೇ ನ್ಯಾಯಪೀಠ! ಅಲ್ಲಿ ಒಪ್ಪಿಗೆಯಾಗದಿದ್ದರೆ ಆಯೋಗ ನೇಮಿಸಿದ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅದೇ ನಿಯಮಗಳು ಕೆಲವು ಲೋಪಗಳಿಗೆ, ಗ್ರಾಹಕ ಅರ್ಜಿ ಹಾಕದಿದ್ದರೂ, ಪರಿಹಾರ ತಾನಾಗಿ ಸಲ್ಲಬೇಕು ಎನ್ನುತ್ತವೆ. ಆ ಮೊತ್ತ ಬಿಲ್ಲಿನಲ್ಲಿ ಕಡಿತವಾಗಿ ಕಾಣಿಸಬೇಕಾದರೆ ವಿದ್ಯುತ್ ಯಾವಾಗ ಹೋಯಿತು, ಯಾವಾಗ ಬಂತು ಎಂಬುದನ್ನು ಕಂಪನಿಯ ಸಿಬ್ಬಂದಿಯಲ್ಲ, ಯಂತ್ರವೇ ದಾಖಲಿಸಬೇಕಾಗುತ್ತದೆ.