ವಿದ್ಯುನ್ಮಾನ ಹರಾಜಿನಲ್ಲಿ ಸಾಗಣೆ ಮತ್ತು ಹಮಾಲಿಯ ವೆಚ್ಚ

ಫಸಲನ್ನು ಮಾರುಕಟ್ಟೆಗೆ ಒಯ್ದು ಮಾರಿ ಬಂದ ರೈತನನ್ನು ಊರಿನವರು ಮೊದಲು ಕೇಳತಕ್ಕ ಮಾತು "ಏನು ಧಾರಣೆ ಸಿಕ್ಕಿತು?" ಎಂಬುದು. ಆತನು ಕ್ವಿಂಟಾಲಿಗೆ ಇಷ್ಟು ರೂಪಾಯಿ ಎಂದು ಹೇಳುವನು. ಕೇಳಿದವರು ಅದನ್ನೇ ಮನೆಮನೆಗೂ ಹೇಳುವರು. ಆದರೆ ಆ ಹಣದಲ್ಲಿ ಲಾರಿಯ ಬಾಡಿಗೆಗೆ ಹೋದದ್ದೆಷ್ಟು, ಹಮಾಲರಿಗೆ ಕೊಟ್ಟದ್ದೆಷ್ಟು, ಚೀಲದ ಹೆಸರಿನಲ್ಲಿಯೂ ತೇವದ ಹೆಸರಿನಲ್ಲಿಯೂ ಕಡಿದದ್ದೆಷ್ಟು, ಕಡೆಗೆ ಕೈಗೆ ಹತ್ತಿದ್ದೆಷ್ಟು ಎಂಬುದನ್ನು ವಿಚಾರಿಸುವವರು ವಿರಳ. ಗಣಕಯಂತ್ರದ ಮೂಲಕ ಹರಾಜು ನಡೆಯತೊಡಗಿದ ಮೇಲೆ ಈ ವಿಚಾರಕ್ಕೆ ಹಿಂದಿಗಿಂತಲೂ ಹೆಚ್ಚಿನ ಮಹತ್ವ ಬಂದಿರುತ್ತದೆ. ದೂರದ ಪೇಟೆಯ ಧಾರಣೆಯು ಈಗ ಜೇಬಿನಲ್ಲಿರುವ ದೂರವಾಣಿಯಲ್ಲಿಯೇ ಕಾಣುತ್ತದೆ. ಅಲ್ಲಿಗೆ ಮಾಲನ್ನು ಮುಟ್ಟಿಸುವ ವೆಚ್ಚವು ಮಾತ್ರ ಅದರಲ್ಲಿ ಕಾಣುವುದಿಲ್ಲ.

ಹಿಂದಿನ ಕಾಲದಲ್ಲಿ ಧಾರಣೆಯೂ ಗುಟ್ಟಾಗಿಯೇ ಇದ್ದಿತು. ದಲ್ಲಾಳಿಯೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಗೊತ್ತುಮಾಡುತ್ತಿದ್ದರು; ಮಾಲಿನ ಒಡೆಯನು ಎದುರಿನಲ್ಲಿಯೇ ನಿಂತಿದ್ದರೂ ತನ್ನ ಮಾಲಿಗೆ ಯಾರು ಎಷ್ಟು ಕೂಗಿದರೆಂಬುದು ಆತನಿಗೆ ತಿಳಿಯುತ್ತಿರಲಿಲ್ಲ. ಅದರ ಮೇಲೆ ದಲ್ಲಾಳಿ, ತೂಕದವನ ಕೂಲಿ, ಧೂಳಿನ ಕಡತ, ಮಾದರಿಗೆಂದು ಎತ್ತಿಕೊಂಡ ಧಾನ್ಯ, ಧರ್ಮಾದಾಯವೆಂದು ಹಿಡಿದ ಕಾಸು, ಹೀಗೆ ಒಂದೊಂದಾಗಿ ಕಳೆಯುತ್ತ ಹೋಗುತ್ತಿದ್ದರು. ಧರ್ಮವು ಯಾರದೋ, ಕಾಸು ಮಾತ್ರ ರೈತನದು. ಭಾರತದ ವ್ಯವಸಾಯವನ್ನು ಕುರಿತ ರಾಯಲ್ ಕಮಿಷನ್ನು ೧೯೨೮ರಲ್ಲಿ ಸಲ್ಲಿಸಿದ ತನ್ನ ವರದಿಯಲ್ಲಿ, ಇಂತಹ ಅಕ್ರಮಗಳನ್ನು ತಡೆಯುವುದಕ್ಕೆ ಕಾನೂನಿಗೆ ಒಳಪಟ್ಟ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಮೈಸೂರು ಸಂಸ್ಥಾನದಲ್ಲಿ ೧೯೩೯ರಲ್ಲಿ ವ್ಯವಸಾಯೋತ್ಪನ್ನ ಮಾರುಕಟ್ಟೆಗಳ ಶಾಸನವಾಯಿತು. ರಾಜ್ಯದ ಏಕೀಕರಣದ ತರುವಾಯ ೧೯೬೬ರ ಶಾಸನವು ಇಡೀ ರಾಜ್ಯಕ್ಕೆ ಒಂದೇ ಕಟ್ಟಳೆಯನ್ನು ತಂದಿತು. ಬಟ್ಟೆಯ ಮರೆಯ ವ್ಯಾಪಾರವು ಹೋಗಿ ಬಹಿರಂಗ ಹರಾಜೂ, ಚೀಟಿಯಲ್ಲಿ ಬೆಲೆ ಬರೆದು ಹಾಕುವ ಟೆಂಡರ್ ಪದ್ಧತಿಯೂ ಬಂದವು.

೨೦೧೪ರಲ್ಲಿ ಕರ್ನಾಟಕ ಸರ್ಕಾರವು ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಪಾಲುದಾರಿಕೆಯಲ್ಲಿ ಸ್ಥಾಪಿಸಿ, ಪೇಟೆಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ಸೇರಿಸತೊಡಗಿತು. ಮಾಲು ಪ್ರಾಂಗಣದ ಬಾಗಿಲಿಗೆ ಬಂದೊಡನೆ ಅದಕ್ಕೊಂದು ಲಾಟ್ ಸಂಖ್ಯೆ ಬೀಳುವುದು; ಖರೀದಿದಾರರು ಗೊತ್ತಾದ ವೇಳೆಯೊಳಗಾಗಿ ತಮ್ಮ ತಮ್ಮ ಬೆಲೆಯನ್ನು ಗಣಕಯಂತ್ರದಲ್ಲಿ ನಮೂದಿಸುವರು; ವೇಳೆ ಮುಗಿದ ಮೇಲೆ ಅತಿ ಹೆಚ್ಚಿನ ಬೆಲೆಯು ಪ್ರಕಟವಾಗುವುದು. ಆ ಬೆಲೆ ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡದಿರುವ ಅಧಿಕಾರವು ರೈತನಿಗೆ ಉಂಟು. ಭಾರತ ಸರ್ಕಾರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ, ಎಂದರೆ ಇ-ನಾಮ್, ೨೦೧೬ರ ಏಪ್ರಿಲ್ ೧೪ರಂದು ೮ ರಾಜ್ಯಗಳ ೨೧ ಪೇಟೆಗಳಲ್ಲಿ ಪ್ರಾರಂಭವಾಯಿತು.

ಈ ಪದ್ಧತಿಯಿಂದ ಲಾಭವಾಗಿಲ್ಲವೆಂದು ಹೇಳುವಂತಿಲ್ಲ. ಕರ್ನಾಟಕದ ವೇದಿಕೆಯನ್ನು ಕುರಿತು ೨೦೨೦ರಲ್ಲಿ ಪ್ರಕಟವಾದ ವಿದ್ವಾಂಸರ ಅಧ್ಯಯನವೊಂದು, ಭತ್ತದ ಬೆಲೆ ಶೇಕಡಾ ೫.೧, ನೆಲಗಡಲೆಯದು ಶೇಕಡಾ ೩.೬, ಮೆಕ್ಕೆಜೋಳದ್ದು ಶೇಕಡಾ ೩.೫ರಷ್ಟು ಏರಿದುದನ್ನು ಕಂಡಿತು. ಏರಿಕೆಯೇನೋ ಸಂತೋಷದ ಸಂಗತಿಯೇ. ಆದರೆ ಕ್ವಿಂಟಾಲಿಗೆ ೨,೦೦೦ ರೂಪಾಯಿ ಬೆಲೆಯಿರುವ ಮೆಕ್ಕೆಜೋಳದಲ್ಲಿ ಶೇಕಡಾ ೩.೫ ಎಂದರೆ ೭೦ ರೂಪಾಯಿ ಮಾತ್ರ. ಒಂದು ಬಾರಿ ಹೆಚ್ಚಾಗಿ ಇಳಿಸಿ ಏರಿಸಿದರೆ, ಬಾಡಿಗೆಯ ಗಾಡಿ ಅರ್ಧ ದಿನ ಕಾದು ನಿಂತರೆ, ತೂಕದಲ್ಲಿ ಸ್ವಲ್ಪ ಕಡಿತವಾದರೆ ಆ ಎಪ್ಪತ್ತು ರೂಪಾಯಿ ಉಳಿಯುವುದಿಲ್ಲ.

ಯಾವ ವೆಚ್ಚ ಯಾರದೆಂಬುದನ್ನು ಜಮೀನುದಾರರು ಮೊದಲು ಸ್ಪಷ್ಟವಾಗಿ ತಿಳಿದಿರಬೇಕು. ಮಾರುಕಟ್ಟೆ ಶುಲ್ಕವು ಖರೀದಿದಾರನು ತೆರತಕ್ಕದ್ದು. ಕಮಿಷನ್ನೂ ಆತನಿಂದಲೇ ಬರತಕ್ಕದ್ದು. ಮಾಲನ್ನು ಗಾಡಿಯಿಂದ ಇಳಿಸಿ, ಸುರಿದು, ಹಸನು ಮಾಡಿ ಮಾರಾಟಕ್ಕೆ ಅಣಿಗೊಳಿಸುವವರೆಗಿನ ಕೂಲಿ ಸಾಮಾನ್ಯವಾಗಿ ಮಾರುವವನ ಪಾಲಿಗೆ ಸೇರಿದ್ದು. ಮಾರಾಟವಾದ ಮೇಲೆ ಚೀಲ ಹೊಲಿದು ಲಾರಿಗೆ ಏರಿಸುವ ಕೂಲಿ ಕೊಂಡವನದು. ಹಮಾಲಿಯ ದರಗಳನ್ನು ಆಯಾ ಮಾರುಕಟ್ಟೆ ಸಮಿತಿಯು ಗೊತ್ತುಪಡಿಸಿರುತ್ತದೆ. ಆ ದರಪಟ್ಟಿಯನ್ನು ಸಮಿತಿಯ ಕಛೇರಿಯಲ್ಲಿ ಕೇಳಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಇಷ್ಟಾದರೂ ತರಕಾರಿಯ ಪೇಟೆಗಳಲ್ಲಿ ಬಿಳಿ ಚೀಟಿಯ ವ್ಯವಹಾರವು ಜನಜನಿತವಾಗಿದೆ. ಅಚ್ಚಾದ ಪಟ್ಟಿಯ ಬದಲು ಬರಿಯ ಕಾಗದದ ಚೂರಿನಲ್ಲಿ ಲೆಕ್ಕ ಬರೆದು, ಖರೀದಿದಾರನು ಕೊಡಬೇಕಾದ ಕಮಿಷನ್ನನ್ನು ರೈತನ ಹಣದಲ್ಲಿಯೇ ಹಿಡಿದುಕೊಳ್ಳುವ ಪರಿಪಾಠ ಅದು. ಅಂತಹ ಚೀಟಿಯನ್ನು ಮುಂದಿಟ್ಟು ಯಾವ ಅಧಿಕಾರಿಯ ಬಳಿಯಲ್ಲಿಯೂ ನ್ಯಾಯ ಕೇಳುವುದು ಸುಲಭವಲ್ಲ. ಅದರಲ್ಲಿ ಅಂಗಡಿಯ ಹೆಸರೇ ಇರುವುದಿಲ್ಲ.

ಸಾಗಣೆಯ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಲ್ಲಿಯ ಅಂಕೆಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಆಯಾ ಊರಿನವರು ತಮ್ಮ ಕಡೆಯ ದರಗಳನ್ನು ಹಾಕಿ ನೋಡಿಕೊಳ್ಳಬೇಕು. ಒಬ್ಬ ಜಮೀನುದಾರನಲ್ಲಿ ೩೦ ಕ್ವಿಂಟಾಲು ಮೆಕ್ಕೆಜೋಳ, ೬೦ ಚೀಲಗಳಲ್ಲಿ ತುಂಬಿ ಇದೆಯೆನ್ನೋಣ. ಹತ್ತಿರದ ಪೇಟೆಯಲ್ಲಿ ಧಾರಣೆ ೨,೦೫೦. ದೂರದ ಪೇಟೆಯಲ್ಲಿ ೨,೧೩೦. ಎಂಬತ್ತು ರೂಪಾಯಿ ಹೆಚ್ಚೆಂದು ದೂರದ ಪೇಟೆಗೆ ಹೊರಡುವುದು ಸಹಜ. ಹತ್ತಿರಕ್ಕೆ ಗಾಡಿಯ ಬಾಡಿಗೆ ೧,೫೦೦, ದೂರಕ್ಕೆ ೪,೨೦೦. ಹಮಾಲಿ ಎರಡು ಕಡೆಯಲ್ಲಿಯೂ ಚೀಲಕ್ಕೆ ೮ ರೂಪಾಯಿಯಂತೆ ೪೮೦. ದೂರದ ಪೇಟೆಯಲ್ಲಿ ಬರುವ ೬೩,೯೦೦ರಲ್ಲಿ ಇವೆರಡನ್ನೂ ಕಳೆದರೆ ಉಳಿಯುವುದು ೫೯,೨೨೦. ಹತ್ತಿರದ ಪೇಟೆಯ ೬೧,೫೦೦ರಲ್ಲಿ ಕಳೆದರೆ ೫೯,೫೨೦. ಹೆಚ್ಚಿನ ಧಾರಣೆಯನ್ನು ಹುಡುಕಿಕೊಂಡು ಹೋದವನು ೩೦೦ ರೂಪಾಯಿ ಕಡಿಮೆ ತಂದಂತಾಯಿತು. ದಾರಿಯ ಆಯಾಸವೂ ಒಂದು ದಿನದ ಕೆಲಸವೂ ಈ ಲೆಕ್ಕಕ್ಕೆ ಸೇರಿಲ್ಲ.

ಇನ್ನು ಅಷ್ಟೇ ಮಾಲಿರುವ ನೆರೆಯವನೊಬ್ಬನು ಜೊತೆಗೂಡಿ, ಇಬ್ಬರೂ ಒಂದೇ ದೊಡ್ಡ ಲಾರಿಯಲ್ಲಿ ತುಂಬಿದರೆಂದಿಟ್ಟುಕೊಳ್ಳೋಣ. ದೂರಕ್ಕೆ ಆ ಲಾರಿಯ ಬಾಡಿಗೆ ೬,೦೦೦ವಾದರೆ ತಲೆಗೆ ೩,೦೦೦ ಬೀಳುವುದು. ಕೈಗೆ ಬರುವ ಹಣ ೬೦,೪೨೦. ಹತ್ತಿರದ ಪೇಟೆಗೂ ಹೀಗೆಯೇ ಕೂಡಿ ಹೋಗಿ ತಲೆಗೆ ೧,೧೦೦ ಕೊಟ್ಟರೂ ಅಲ್ಲಿ ದೊರೆಯುವುದು ೫೯,೯೨೦ ಮಾತ್ರ. ಒಬ್ಬನೇ ಹೋದಾಗ ನಷ್ಟವಾಗಿದ್ದ ದೂರದ ಪೇಟೆಯು ಇಬ್ಬರಾದಾಗ ಲಾಭದ್ದಾಯಿತು. ಆದಕಾರಣ ಯಾವ ಪೇಟೆ ಮೇಲೆಂಬ ಪ್ರಶ್ನೆಗೆ ಧಾರಣೆಯೊಂದರಿಂದಲೇ ಉತ್ತರ ದೊರೆಯುವುದಿಲ್ಲ. ಗಾಡಿ ಎಷ್ಟು ತುಂಬಿದೆಯೆಂಬುದನ್ನೂ ನೋಡಬೇಕು.

ಬೆಲೆ ಒಪ್ಪದಿರುವ ಅಧಿಕಾರ ರೈತನಿಗೆ ಉಂಟೆಂದು ಮೇಲೆ ಹೇಳಿದೆಯಷ್ಟೆ. ಆ ಅಧಿಕಾರಕ್ಕೂ ಒಂದು ಬೆಲೆಯಿದೆ. ಎಪ್ಪತ್ತು ಕಿಲೋಮೀಟರು ಬಂದು, ಇಳಿಸಿದ ಕೂಲಿ ಕೊಟ್ಟು, ಸಂಜೆಯ ಹೊತ್ತಿಗೆ ಪ್ರಕಟವಾದ ಬೆಲೆ ಸಾಲದೆಂದು ಕಂಡರೂ, ಮತ್ತೆ ಏರಿಸಿ ಹಿಂದಕ್ಕೆ ಒಯ್ಯುವ ಖರ್ಚನ್ನು ನೆನೆದು ರೈತನು ಒಪ್ಪಿಬಿಡುವುದೇ ಹೆಚ್ಚು. ಮರಳಿ ಒಯ್ಯುವ ಖರ್ಚು ಎಷ್ಟೋ ಅಷ್ಟರ ಮಟ್ಟಿಗೆ ಆತನ ಕೈ ಕಟ್ಟಿದಂತೆಯೇ ಸರಿ. ಪಳಗಿದ ವ್ಯಾಪಾರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಮಾಲನ್ನು ಗಾಡಿಗೆ ಏರಿಸುವುದಕ್ಕೆ ಮೊದಲೇ ಎರಡು ಮೂರು ದಿನಗಳ ಧಾರಣೆಯನ್ನು ನೋಡಿ, ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲವೆಂದೂ, ಹಾಗಾದ ಪಕ್ಷದಲ್ಲಿ ಮಾಲನ್ನು ಆ ಪೇಟೆಯ ಉಗ್ರಾಣದಲ್ಲಿಯೇ ಇಡತಕ್ಕದ್ದೆಂದೂ ಮನೆಯಲ್ಲಿಯೇ ನಿಶ್ಚಯಿಸಿ ಹೊರಡುವವನು ಈ ಇಕ್ಕಟ್ಟಿಗೆ ಸಿಕ್ಕುವುದಿಲ್ಲ. ನೋಂದಾಯಿತ ಉಗ್ರಾಣಗಳ ರಶೀದಿಗಳಿಗೆ ೨೦೦೭ರ ಉಗ್ರಾಣ ಶಾಸನವು ಬೆಲೆಯನ್ನು ಕೊಟ್ಟಿದೆ. ಅಂತಹ ರಶೀದಿಯನ್ನು ಅಡವಿಟ್ಟು ಸಾಲ ಪಡೆಯುವುದಕ್ಕೆ ಅವಕಾಶವುಂಟು.

ಕೊಳ್ಳುವವನ ಕಡೆಯಿಂದಲೂ ಈ ಲೆಕ್ಕವನ್ನು ನೋಡುವುದು ಒಳ್ಳೆಯದು. ಬೇರೆ ಜಿಲ್ಲೆಯಿಂದ ಬೆಲೆ ನಮೂದಿಸುವ ವ್ಯಾಪಾರಿಯು ತನ್ನ ಊರಿನ ಧಾರಣೆಯಿಂದ ಲಾರಿಯ ಬಾಡಿಗೆ, ಏರಿಸುವ ಕೂಲಿ, ಕಮಿಷನ್, ಶುಲ್ಕ, ದಾರಿಯಲ್ಲಿ ಒಣಗಿ ಹೋಗುವ ತೂಕ ಇವಿಷ್ಟನ್ನೂ ಕಳೆದು, ಉಳಿದದ್ದನ್ನೇ ಬೆಲೆಯೆಂದು ಬರೆಯುತ್ತಾನೆ. ಪಟ್ಟಿಯಲ್ಲಿ ಈ ವೆಚ್ಚಗಳು ಕೊಂಡವನ ಹೆಸರಿನಲ್ಲಿದ್ದರೂ ಅವುಗಳ ಒಂದು ಭಾಗ ಕಡಿಮೆ ಬೆಲೆಯ ರೂಪದಲ್ಲಿ ಬೆಳೆದವನ ಮೇಲೆಯೇ ಬೀಳುವುದು. ಪೇಟೆಯಲ್ಲಿ ಹಮಾಲಿಯ ದರವೂ ತೂಕದ ಕ್ರಮವೂ ನಿಶ್ಚಿತವಾಗಿದ್ದರೆ ವ್ಯಾಪಾರಿಯು ನಿಶ್ಚಿತವಾದಷ್ಟನ್ನೇ ಕಳೆಯುತ್ತಾನೆ. ಅನಿಶ್ಚಿತವಾಗಿದ್ದರೆ ಭಯಕ್ಕೆಂದು ಇನ್ನಷ್ಟು ಕಳೆಯುತ್ತಾನೆ. ಮಾಲಿನ ತೇವವನ್ನೂ ಗುಣವನ್ನೂ ಮುಂಚಿತವಾಗಿ ಪರೀಕ್ಷಿಸಿ ಪ್ರಕಟಿಸಿದರೆ, ಕಾಣದ ಮಾಲಿಗೆ ಬೆಲೆ ಕಟ್ಟುವವನ ಈ ಅಂಜಿಕೆಯೂ ಕಡಿಮೆಯಾಗುವುದು.

ಬೆಲೆಯನ್ನೂ ವೆಚ್ಚವನ್ನೂ ಬೇರೆಬೇರೆಯಾಗಿ ತೋರಿಸಿದಾಗ ಮನುಷ್ಯನ ಕಣ್ಣು ಬೆಲೆಯ ಮೇಲೆಯೇ ನಿಲ್ಲುವುದೆಂಬುದಕ್ಕೆ ಅಮೆರಿಕಾ ದೇಶದಿಂದ ಒಂದು ವಿನೋದವಾದ ನಿದರ್ಶನವುಂಟು. ಅಲ್ಲಿ ೧೯೯೫ರಲ್ಲಿ ಪಿಯರ್ ಒಮಿಡ್ಯಾರ್ ಎಂಬಾತನು ಪ್ರಾರಂಭಿಸಿದ ಈಬೇ ಎಂಬ ಹರಾಜಿನ ಸಂಸ್ಥೆಯು, ಮಾರಾಟಗಾರರಿಂದ ಹರಾಜಿನ ಬೆಲೆಯ ಮೇಲೆ ಮಾತ್ರ ಶುಲ್ಕ ತೆಗೆದುಕೊಳ್ಳುತ್ತಿದ್ದಿತು. ಸಾಗಣೆಯ ಹಣಕ್ಕೆ ಶುಲ್ಕವಿರಲಿಲ್ಲ. ಚತುರರಾದ ಕೆಲವರು ಒಂದು ಸೆಂಟಿನಿಂದ ಹರಾಜನ್ನು ಪ್ರಾರಂಭಿಸಿ, ಪದಾರ್ಥದ ನಿಜವಾದ ಬೆಲೆಯನ್ನೆಲ್ಲ ಸಾಗಣೆಯ ಹೆಸರಿನಲ್ಲಿ ವಸೂಲುಮಾಡತೊಡಗಿದರು. ತಂಜೀಮ್ ಹುಸೇನ್ ಮತ್ತು ಜಾನ್ ಮಾರ್ಗನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿ ೨೦೦೬ರಲ್ಲಿ ಫಲವನ್ನು ಪ್ರಕಟಿಸಿದರು. ಒಂದೇ ಬಗೆಯ ಪದಾರ್ಥವನ್ನು, ಒಮ್ಮೆ ೪ ಡಾಲರಿನಿಂದ ಪ್ರಾರಂಭಿಸಿ ಸಾಗಣೆ ಉಚಿತವೆಂದೂ, ಇನ್ನೊಮ್ಮೆ ಒಂದು ಸೆಂಟಿನಿಂದ ಪ್ರಾರಂಭಿಸಿ ಸಾಗಣೆಗೆ ೩ ಡಾಲರು ೯೯ ಸೆಂಟೆಂದೂ ಹರಾಜಿಗಿಟ್ಟರು. ಎರಡೂ ಕಡೆ ಮೊತ್ತವು ಒಂದೇ. ಆದರೂ ಎರಡನೆಯದಕ್ಕೆ ಹೆಚ್ಚು ಜನ ಕೂಗಿದರು. ಹೆಚ್ಚು ಹಣವೂ ಹುಟ್ಟಿತು. ಸಾಗಣೆಯ ವೆಚ್ಚ ಮಿತಿಮೀರಿದಾಗ ಮಾತ್ರ ಈ ಮೋಡಿ ಕುಗ್ಗಿತು. ಕಡೆಗೆ ೨೦೧೧ರಲ್ಲಿ ಆ ಸಂಸ್ಥೆಯು ಅಮೆರಿಕದಲ್ಲಿ ಸಾಗಣೆಯ ಹಣವೂ ಸೇರಿದ ಮೊತ್ತದ ಮೇಲೆ ಶುಲ್ಕವನ್ನು ವಿಧಿಸಿತು.

ಅಲ್ಲಿ ಮೋಸಹೋದವನು ಕೊಳ್ಳುವವನು. ಧಾನ್ಯದ ಪೇಟೆಯಲ್ಲಿ ಮಾರುವವನು. ಧಾರಣೆಯನ್ನು ಹತ್ತು ರೂಪಾಯಿ ಮೇಲೆ ಬರೆದು, ತೂಕದಲ್ಲಿಯೋ ಕೂಲಿಯಲ್ಲಿಯೋ ಹನ್ನೆರಡು ರೂಪಾಯಿ ಕಡಿದರೆ ರೈತನು ಹತ್ತನ್ನು ನೆನೆದು ಹಿಗ್ಗುವನೇ ಹೊರತು ಹನ್ನೆರಡನ್ನು ಎಣಿಸುವುದಿಲ್ಲ. ಚೀಲದ ತೂಕವನ್ನೇ ನೋಡಬಹುದು. ಸರ್ಕಾರದ ಧಾನ್ಯ ಸಂಗ್ರಹಣೆಯಲ್ಲಿ ಉಪಯೋಗಿಸುವ ೫೦ ಕಿಲೋ ಹಿಡಿಯುವ ಗೋಣಿಚೀಲದ ತೂಕ ೫೮೦ ಗ್ರಾಂ. ಅಂತಹ ಚೀಲಕ್ಕೆ ಒಂದು ಕಿಲೋ ಎಂದು ಕಳೆದರೆ ಚೀಲವೊಂದಕ್ಕೆ ೪೨೦ ಗ್ರಾಂ ಧಾನ್ಯ ಹೋಯಿತು. ಮೇಲಿನ ಉದಾಹರಣೆಯ ೬೦ ಚೀಲಗಳಲ್ಲಿ ೨೫ ಕಿಲೋಗಿಂತ ಹೆಚ್ಚು, ಎಂದರೆ ೫೦೦ ರೂಪಾಯಿಗೂ ಮಿಕ್ಕ ಮಾಲು. ಬರಿಯ ಚೀಲವೊಂದನ್ನು ತಕ್ಕಡಿಗೆ ಹಾಕಿ ತೋರಿಸೆಂದು ಕೇಳುವುದರಲ್ಲಿ ಸಂಕೋಚವೇಕೆ?

ಬೆಲ್ಲ, ಜೇನು, ಸಂಬಾರ ಪದಾರ್ಥ ಮೊದಲಾದವುಗಳನ್ನು ಅಂಚೆಯಲ್ಲಿಯೋ ಕೊರಿಯರಿನಲ್ಲಿಯೋ ನೇರವಾಗಿ ಕಳುಹಿಸುವ ಜಮೀನುದಾರರೂ ಈಚೆಗೆ ಉಂಟು. ವಿಮಾನದಲ್ಲಿ ಹೋಗುವ ಕಟ್ಟುಗಳಿಗೆ ಕೊರಿಯರಿನವರು ಗಾತ್ರದ ತೂಕವನ್ನೂ ಲೆಕ್ಕಹಾಕುವುದು ವಾಡಿಕೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ೫,೦೦೦ದಿಂದ ಭಾಗಿಸುವರು. ೪೦, ೩೦, ೨೫ ಸೆಂಟಿಮೀಟರುಗಳ ಪೆಟ್ಟಿಗೆಯು ಹೀಗೆ ೬ ಕಿಲೋ ಎನಿಸುವುದು. ಒಳಗೆ ೨ ಕಿಲೋ ಹಪ್ಪಳವಿದ್ದರೂ ೬ ಕಿಲೋವಿನ ಬಾಡಿಗೆಯೇ. ಪೆಟ್ಟಿಗೆಯನ್ನು ಕೊಳ್ಳುವಾಗ ಅಳತೆಕೋಲನ್ನು ಜೊತೆಗಿಟ್ಟುಕೊಳ್ಳುವುದು ಮೇಲು.

ಗ್ರಾಮದ ಮುಖಂಡರಿಂದ ಈ ವಿಷಯದಲ್ಲಿ ಆಗತಕ್ಕ ಸಹಾಯ ಬಹಳವುಂಟು. ಸುಗ್ಗಿಯ ಕಾಲದಲ್ಲಿ ಯಾರ ಮನೆಯಲ್ಲಿ ಎಷ್ಟು ಚೀಲ ಸಿದ್ಧವಾಗಿದೆಯೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಲಾರಿ ತುಂಬಿಸುವುದು ಕಷ್ಟವಲ್ಲ. ಐದಾರು ಚೀಲದ ಸಣ್ಣ ಹಿಡುವಳಿದಾರನಿಗೂ ಅದರಲ್ಲಿ ಸ್ಥಳ ದೊರೆಯುವುದು. ಪೇಟೆಯಿಂದ ಬಂದ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದೇ ದಿನ ಒಂದೇ ಪ್ರಾಂಗಣದಲ್ಲಿ ಒಬ್ಬನಿಗೆ ಚೀಲಕ್ಕೆ ಇಷ್ಟು, ಮತ್ತೊಬ್ಬನಿಗೆ ಅಷ್ಟು ಹಮಾಲಿ ಹಿಡಿದಿರುವುದು ತಾನಾಗಿಯೇ ಹೊರಬೀಳುವುದು. ಅಂತಹ ಎರಡು ಪಟ್ಟಿಗಳೊಡನೆ ಸಮಿತಿಯ ಕಾರ್ಯದರ್ಶಿಗೆ ಕೊಟ್ಟ ಅರ್ಜಿಗೆ ಬರಿಯ ಬಾಯಿಮಾತಿನ ದೂರಿಗಿಂತ ಬಲ ಹೆಚ್ಚು. ರೈತರು ಕೂಡಿ ಉತ್ಪಾದಕರ ಸಂಸ್ಥೆಯನ್ನು ಮಾಡಿಕೊಂಡಿರುವ ಕಡೆಗಳಲ್ಲಿ ಇ-ನಾಮ್‌ನ ಮೂಲಕ, ಮಾಲನ್ನು ಪ್ರಾಂಗಣಕ್ಕೆ ಒಯ್ಯದೆ ತಮ್ಮ ಸಂಗ್ರಹ ಕೇಂದ್ರದಿಂದಲೇ ಹರಾಜಿಗೆ ಇಡುವ ಸೌಕರ್ಯವನ್ನು ೨೦೨೦ರ ಏಪ್ರಿಲ್‌ನಲ್ಲಿ ಏರ್ಪಡಿಸಲಾಯಿತು. ಅಲ್ಲಿ ಮಾಲಿನ ಮಾದರಿಯನ್ನೂ ತೂಕವನ್ನೂ ಊರಿನಲ್ಲಿಯೇ ಸಿದ್ಧಪಡಿಸಬೇಕಾಗುವುದು. ಒಳ್ಳೆಯ ತಕ್ಕಡಿ, ತೇವ ಅಳೆಯುವ ಯಂತ್ರ, ಮಳೆ ತಾಕದ ಕಟ್ಟಡ ಇವು ಮೂರೂ ಇಲ್ಲದೆ ಆ ಕೆಲಸಕ್ಕೆ ಕೈಹಾಕಕೂಡದು.