ಖರ್ಜೂರದ ‘ಆಂಟಿಆಕ್ಸಿಡೆಂಟ್’ ಗುಣ: ಇಲಿಯ ಪ್ರಯೋಗವೂ ಪೊಟ್ಟಣದ ಬರಹವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯ ಕಿರಾಣಿ ವರ್ತಕರಿಗೆ ಖರ್ಜೂರವು ರಂಜಾನ್ ಮಾಸದ ಮುಖ್ಯ ಸರಕು. ನಮ್ಮ ಹಳ್ಳದ ದಂಡೆಗಳಲ್ಲಿ ಬೆಳೆಯುವ ಈಚಲು, ಅಂದರೆ ಸಿಂದಿ ಗಿಡ, ಇದೇ ಕುಲಕ್ಕೆ ಸೇರಿದ್ದು. ಖರ್ಜೂರದ ಪುಡಿ, ಪಾಕಗಳನ್ನು ಪೊಟ್ಟಣ ಕಟ್ಟಿ ಮಾರುವವರಿಗೆ ‘ಯಕೃತ್ತನ್ನು ರಕ್ಷಿಸುತ್ತದೆ, ಸಂಶೋಧನೆಯಿಂದ ದೃಢಪಟ್ಟಿದೆ’ ಎಂದು ಅಚ್ಚು ಹಾಕಿಸುವ ಆಸೆ ಸಹಜ. ಆ ಸಂಶೋಧನೆ ಏನೆಂಬುದನ್ನು ಮೊದಲು ಅರಿಯುವುದು ಒಳಿತು.

ಡಬ್ಬಿಯಲ್ಲಿ ಬಹುಕಾಲ ಉಳಿದ ಶೇಂಗಾ ಎಣ್ಣೆ ಕಮಟಾಗುವುದನ್ನು ವರ್ತಕರೆಲ್ಲರೂ ಬಲ್ಲರು. ಆಮ್ಲಜನಕದೊಡನೆ ಕೊಬ್ಬು ಕೆಡುವ ಇಂಥದೇ ಕ್ರಿಯೆ ಜೀವಕೋಶಗಳಲ್ಲಿಯೂ ನಡೆಯುತ್ತದೆ. ದೇಹದ ತಡೆಶಕ್ತಿಯನ್ನು ಅದು ಮೀರಿದಾಗ ಉಂಟಾಗುವ ಸ್ಥಿತಿಯೇ ಉತ್ಕರ್ಷಣ ಒತ್ತಡ. ಪ್ರಯೋಗಗಳಲ್ಲಿ ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನು ನೀಡಿ ಯಕೃತ್ತನ್ನು ಕೆಡಿಸುತ್ತಾರೆ. ಕೆಲವು ಇಲಿಗಳಿಗೆ ಖರ್ಜೂರದ ಸಾರವನ್ನೂ ಕೊಡುತ್ತಾರೆ. ಸಾರ ಪಡೆದ ಇಲಿಗಳಲ್ಲಿ ಕೊಬ್ಬು ಕೆಟ್ಟುದರ ಗುರುತಾದ ಮ್ಯಾಲೊಂಡೈಆಲ್ಡಿಹೈಡ್ ಕಡಿಮೆಯಿದ್ದು, ಕ್ಯಾಟಲೇಸ್ ಮುಂತಾದ ರಕ್ಷಕ ಕಿಣ್ವಗಳು ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಫಲಿತಾಂಶ ಸುಳ್ಳಲ್ಲ. ಆದರೆ ಅದು ವಿಷವುಂಡ ಇಲಿಯದು. ಕೊಟ್ಟದ್ದು ಸಾರವೇ ಹೊರತು ಹಣ್ಣಲ್ಲ. ಪ್ರಮಾಣವನ್ನೂ ಲೆಕ್ಕಿಸಬೇಕು. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸಲು ಸುಮಾರು 6ರಿಂದ ಭಾಗಿಸುವುದು ರೂಢಿ. ಕಿಲೋ ತೂಕಕ್ಕೆ 1 ಗ್ರಾಂ ಸಾರ ಎಂದರೆ 60 ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 10 ಗ್ರಾಂ ಸಾರ. ಹಣ್ಣನ್ನೇ ತಿನ್ನಿರೆಂದರೆ, ಒಣ ಖರ್ಜೂರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ. ಮಧುಮೇಹಿ ಗ್ರಾಹಕನಿಗೆ ಇದನ್ನು ಹೇಳದಿರುವುದು ಅಂಗಡಿಯ ಹೆಸರಿಗೂ ಒಳಿತಲ್ಲ.

ಅಮೆಜಾನ್ ತಾಳೆಹಣ್ಣು ‘ಅಸಾಯಿ’ಯ ಕಥೆ ಇಲ್ಲಿ ನೆನೆಯತಕ್ಕದ್ದು. ಅದರ ಹೆಸರಿನಲ್ಲಿ ತೂಕ ಇಳಿಸುವ ಸರಕು ಮಾರುತ್ತಿದ್ದ ನಕಲಿ ಸುದ್ದಿತಾಣಗಳ ವಿರುದ್ಧ 2011ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು ನ್ಯಾಯಾಲಯಕ್ಕೆ ಹೋಯಿತು. ಆಹಾರಗಳ ‘ಆಂಟಿಆಕ್ಸಿಡೆಂಟ್ ಅಂಕ’ಗಳ ಪಟ್ಟಿಯನ್ನು ಆ ದೇಶದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು, ಪರೀಕ್ಷಾ ನಳಿಕೆಯ ಅಂಕಗಳು ಮಾನವ ದೇಹದ ಮೇಲಿನ ಪರಿಣಾಮವನ್ನು ತಿಳಿಸುವುದಿಲ್ಲವೆಂಬುದೇ ಕಾರಣ.

ನಮ್ಮಲ್ಲಿಯೂ ನಿಯಮ ಕಠಿಣವಾಗಿದೆ. ಆಹಾರ ಸುರಕ್ಷತಾ ಕಾಯ್ದೆ 2006ರ 53ನೆಯ ಕಲಮಿನಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ನಿರ್ದಿಷ್ಟ ಅನುಮತಿಯಿಲ್ಲದೆ ರೋಗ ತಡೆಯುತ್ತದೆ, ಗುಣಪಡಿಸುತ್ತದೆ ಎನ್ನುವುದನ್ನು 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿ ನಿಷೇಧಿಸುತ್ತದೆ. ಯಕೃತ್ತಿನ ಮಾತು ಬಿಟ್ಟು ನಾರಿನಂಶದ ಮಾತನ್ನು ಅಚ್ಚು ಹಾಕಿಸುವುದು ಲೇಸು: ಅದೇ ನಿಯಮಾವಳಿಯಂತೆ 100 ಗ್ರಾಂ ಸರಕಿನಲ್ಲಿ 6 ಗ್ರಾಂ ನಾರಿದ್ದರೆ ‘ಅಧಿಕ ನಾರು’ ಎನ್ನಬಹುದು. ಒಣ ಖರ್ಜೂರದಲ್ಲಿ ಸಾಮಾನ್ಯವಾಗಿ ಅಷ್ಟಿರುತ್ತದೆ, ಪಾಕದಲ್ಲಿ ಇರಲಾರದು. ಆದ್ದರಿಂದ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯನ್ನು ಪ್ರತಿ ಸರಕಿಗೂ ಪ್ರತ್ಯೇಕವಾಗಿ ಪಡೆಯತಕ್ಕದ್ದು.